ಸ್ವೀಡನ್‌ನಲ್ಲಿ ಬೇಡ ಅಂದ ಹಾರ್ಟ್ ಮಾತ್ರೆ ಶಿವಮೊಗ್ಗದ ಅಮ್ಮನಿಗೂ ಬೇಡವೇ?

ಪ್ರಶ್ನೆ: ಡಾಕ್ಟ್ರೇ, ನನಗೆ 49 ವರ್ಷ. ಊರು ಶಿವಮೊಗ್ಗ. ಕೆಲಸದ ಮೇಲೆ ಸ್ವೀಡನ್ನಿಗೆ ಬಂದವನು ಗೋಥೆನ್‌ಬರ್ಗ್‌ನಲ್ಲೇ ಉಳಿದುಕೊಂಡೆ. ಎರಡು ವರ್ಷದ ಹಿಂದೆ ಇಲ್ಲಿ ಹಾರ್ಟ್ ಅಟ್ಯಾಕ್ ಆಯಿತು. ಎದೆನೋವು ಶುರುವಾದ ಎರಡು ಗಂಟೆಯೊಳಗೆ ಒಂದು ಸ್ಟೆಂಟ್ ಹಾಕಿದರು. ಡಿಸ್ಚಾರ್ಜ್ ಮಾಡುವಾಗ ಪಂಪಿಂಗ್ 55 ಪರ್ಸೆಂಟ್ ಇದೆ, ಚೆನ್ನಾಗಿದೆ ಅಂದರು. ಅವತ್ತಿನಿಂದ ದಿನಾ ಬೆಳಿಗ್ಗೆ ಮೆಟೊಪ್ರೊಲಾಲ್ 100 ಮಿಲಿಗ್ರಾಂ ನುಂಗುತ್ತಿದ್ದೇನೆ. ಜೊತೆಗೆ ಆಸ್ಪಿರಿನ್, ಕೊಲೆಸ್ಟ್ರಾಲ್ ಮಾತ್ರೆ. ಸದಾ ಸುಸ್ತು. ಚಳಿಗಾಲದಲ್ಲಿ ಬೆರಳು ಮರಗಟ್ಟುತ್ತವೆ. ರಾತ್ರಿ ವಿಚಿತ್ರ ಕನಸು. ದಾಂಪತ್ಯದಲ್ಲೂ ತೊಂದರೆ ಆಗಿದೆ. ಅಟ್ಯಾಕ್ ಆದವರಿಗೆ ಈ ಮಾತ್ರೆಯಿಂದ ಉಪಯೋಗವೇ ಇಲ್ಲ ಅಂತ ಸ್ವೀಡನ್ನಿನ ಸಂಶೋಧನೆಯೇ ತೋರಿಸಿದೆ ಅಂತ ಓದಿದೆ. ಡಾಕ್ಟರ್ ಅಪಾಯಿಂಟ್‌ಮೆಂಟಿಗೆ ಇನ್ನೂ ಮೂರು ತಿಂಗಳಿದೆ. ಅಷ್ಟರಲ್ಲಿ ನಾನೇ ನಿಲ್ಲಿಸಬಹುದಾ?

ಇನ್ನೊಂದು ವಿಷಯ. ಊರಲ್ಲಿ ಅಮ್ಮ ಇದ್ದಾರೆ, 71 ವರ್ಷ. ನಾಲ್ಕು ವರ್ಷದ ಹಿಂದೆ ಅವರಿಗೂ ಅಟ್ಯಾಕ್ ಆಗಿತ್ತು. ಗ್ಯಾಸ್ಟ್ರಿಕ್ ಅಂದುಕೊಂಡು ಆಸ್ಪತ್ರೆಗೆ ಹೋದದ್ದು ಮಾರನೇ ದಿನ. ಪಂಪಿಂಗ್ 35 ಅಂತೆ. ಅವರದ್ದೂ ಇದೇ ಮಾತ್ರೆ, 25 ಮಿಲಿಗ್ರಾಂ. ನಾನು ಈ ಸುದ್ದಿಯನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೆ. ಈಗ ತಂಗಿ, "ಅಮ್ಮನದ್ದೂ ನಿಲ್ಲಿಸೋಣ್ವಾ ಅಣ್ಣ?" ಅಂತ ಕೇಳುತ್ತಿದ್ದಾಳೆ. ಏನು ಹೇಳಲಿ?

ಉತ್ತರ: ಮೊದಲು ತಂಗಿಗೆ ಫೋನ್ ಮಾಡಿ. ಅಮ್ಮನ ಮಾತ್ರೆ ನಿಲ್ಲಿಸುವುದು ಬೇಡ. ಆಗಲೇ ಒಂದೆರಡು ದಿನ ತಪ್ಪಿಸಿದ್ದರೆ, ಅವರ ಡಾಕ್ಟರಿಗೆ ಹೇಳಿ ಮತ್ತೆ ಶುರು ಮಾಡಿಸಲಿ.

ನಿಮ್ಮ ವಿಷಯ ಬೇರೆ. ನೀವು ಓದಿದ ಸಂಶೋಧನೆ ನಡೆದದ್ದೇ ನಿಮ್ಮಂಥವರ ಮೇಲೆ. ನಿಮಗೆ ಈ ಮಾತ್ರೆ ಇನ್ನು ಬೇಡವಾಗಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ಆದರೂ ನಾಳೆ ಬೆಳಿಗ್ಗೆಯಿಂದ ನೀವಾಗಿಯೇ ಬಿಟ್ಟುಬಿಡಬೇಡಿ.

ಒಂದೇ ಕಾಯಿಲೆ, ಒಂದೇ ಮಾತ್ರೆ, ಒಂದೇ ಮನೆ. ಆದರೂ ಉತ್ತರ ಎರಡು ಯಾಕೆ? ಕಾರಣ ನಿಮ್ಮ ಪತ್ರದಲ್ಲೇ ಇದೆ. 55 ಮತ್ತು 35 ಅನ್ನುವ ಎರಡು ಅಂಕಿ. ಸುದ್ದಿಯಲ್ಲಿ ಬಿಟ್ಟುಹೋದದ್ದೂ ಅದೇ.

ಹೃದಯದ ಎಡಗಡೆಯ ಕೋಣೆಯಲ್ಲಿ ತುಂಬಿಕೊಂಡ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಭಾಗ ಹೊರಗೆ ಹೋಗುತ್ತದೆ ಅನ್ನುವುದೇ ಈ ಪಂಪಿಂಗ್ ಲೆಕ್ಕ. ಎಕೋ ರಿಪೋರ್ಟಿನಲ್ಲಿ ಇಎಫ್ ಅಂತ ಬರೆದಿರುತ್ತಾರೆ. ಯಾರ ಹೃದಯವೂ ನೂರಕ್ಕೆ ನೂರು ಹೊರಗೆ ಹಾಕುವುದಿಲ್ಲ. ಆರೋಗ್ಯವಂತರಲ್ಲೇ ಇದು ಹೆಚ್ಚುಕಡಿಮೆ 55ರಿಂದ 65 ಇರುತ್ತದೆ. 55 ಅಂದ ತಕ್ಷಣ ಹಾರ್ಟು ಅರ್ಧ ಹೋಯಿತು ಅಂತ ಮುಖ ಸಣ್ಣ ಮಾಡಿಕೊಂಡು ಬರುವವರನ್ನು ನಾನು ಆಗಾಗ ನೋಡುತ್ತೇನೆ. ಹಾಗೇನಿಲ್ಲ. ನಿಮ್ಮದು ಸರಿಯಾಗಿಯೇ ಇದೆ. ಅಮ್ಮನ 35 ಮಾತ್ರ ನಿಜಕ್ಕೂ ಕಡಿಮೆ. ಅವರ ಹೃದಯದ ಸ್ನಾಯುವಿನ ಒಂದು ದೊಡ್ಡ ಭಾಗ ಗಾಯದ ಕಲೆಯಾಗಿ ಉಳಿದಿದೆ ಅಂತ ಅರ್ಥ.

ಇನ್ನು ನೀವು ಓದಿದ ಸಂಶೋಧನೆ. ಅದರ ಹೆಸರು ರೆಡ್ಯೂಸ್-ಎಎಂಐ. 2024ರ ಏಪ್ರಿಲ್‌ನಲ್ಲಿ ಪ್ರಕಟವಾಯಿತು. ಹಾರ್ಟ್ ಅಟ್ಯಾಕ್ ಆದ 5,020 ಜನರನ್ನು ಸೇರಿಸಿಕೊಂಡಿದ್ದರು. ಎಸ್ಟೋನಿಯಾ ಮತ್ತು ನ್ಯೂಜಿಲೆಂಡಿನವರು ಸ್ವಲ್ಪ ಜನ ಬಿಟ್ಟರೆ ಉಳಿದವರೆಲ್ಲ ಸ್ವೀಡನ್ನಿನವರು. ಎಲ್ಲರಿಗೂ ಆಂಜಿಯೋಗ್ರಾಂ ಆಗಿತ್ತು. ಎಲ್ಲರ ಇಎಫ್ 50 ಅಥವಾ ಅದಕ್ಕಿಂತ ಜಾಸ್ತಿ ಇತ್ತು. ಅಟ್ಯಾಕ್ ಆದ ಮೊದಲ ವಾರದಲ್ಲೇ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೆಟೊಪ್ರೊಲಾಲ್ ಅಥವಾ ಬಿಸೊಪ್ರೊಲಾಲ್ ಎಂಬ ಬೀಟಾ ಬ್ಲಾಕರ್, ಅಂದರೆ ಹೃದಯದ ಬಡಿತ ನಿಧಾನ ಮಾಡುವ ಜಾತಿಯ ಮಾತ್ರೆ, ಕೊಟ್ಟರು. ಇನ್ನೊಂದಕ್ಕೆ ಕೊಡಲಿಲ್ಲ. ಸುಮಾರು ಮೂರೂವರೆ ವರ್ಷ ಕಳೆಯುವ ಹೊತ್ತಿಗೆ ಮಾತ್ರೆ ತೆಗೆದುಕೊಂಡ ಗುಂಪಿನ 7.9 ಪರ್ಸೆಂಟ್ ಜನ ತೀರಿಕೊಂಡಿದ್ದರು ಅಥವಾ ಅವರಿಗೆ ಮತ್ತೆ ಅಟ್ಯಾಕ್ ಆಗಿತ್ತು. ಮಾತ್ರೆ ಇಲ್ಲದವರಲ್ಲಿ ಇದು 8.3. ಲೆಕ್ಕಶಾಸ್ತ್ರದ ಪ್ರಕಾರ ಇದು ವ್ಯತ್ಯಾಸವೇ ಅಲ್ಲ.

ಅಂದರೆ ಸುದ್ದಿ ಸುಳ್ಳಲ್ಲ, ಅರ್ಧ ಮಾತ್ರ. "ಹಾರ್ಟ್ ಅಟ್ಯಾಕ್ ಆದವರಿಗೆ ಈ ಮಾತ್ರೆ ಬೇಡ" ಅಂತ ಸ್ವೀಡನ್ನಿನವರು ಹೇಳಲೇ ಇಲ್ಲ. ಬೇಗ ಚಿಕಿತ್ಸೆ ಸಿಕ್ಕಿ, ಪಂಪಿಂಗ್ ಚೆನ್ನಾಗಿ ಉಳಿದವರಿಗೆ ಹೊಸದಾಗಿ ಶುರು ಮಾಡಿದರೆ ಲಾಭ ಕಾಣಲಿಲ್ಲ ಅಂತಷ್ಟೇ ಹೇಳಿದರು. 35 ಇದ್ದವರು ಆ ಅಧ್ಯಯನದಲ್ಲಿ ಒಬ್ಬರೂ ಇಲ್ಲ. ಹಾಗಾಗಿ ಅದು ನಿಮ್ಮ ಅಮ್ಮನ ಬಗ್ಗೆ ಒಳ್ಳೆಯದು ಕೆಟ್ಟದ್ದು ಏನನ್ನೂ ಹೇಳುವುದಿಲ್ಲ.

ಇದೇ ಸುದ್ದಿಯ ಜೊತೆಗೆ "ನಲವತ್ತು ವರ್ಷ ಡಾಕ್ಟರುಗಳು ಸುಮ್ನೆ ಮಾತ್ರೆ ನುಂಗಿಸಿದರು" ಅನ್ನುವ ಮಾತೂ ಹರಿದಾಡುತ್ತಿದೆ. ನೀವಿರುವ ಊರಿನ ಕಥೆ ಗೊತ್ತಿದ್ದವರು ಹಾಗೆ ಹೇಳಲಾರರು. ನೀವು ನುಂಗುವ ಮೆಟೊಪ್ರೊಲಾಲ್ ಹುಟ್ಟಿದ್ದೇ ನಿಮ್ಮ ಪಕ್ಕದ ಮೊಲ್ನ್‌ಡಾಲ್‌ನಲ್ಲಿ. ಅಲ್ಲಿನ ಹೆಸ್ಲೆ ಕಂಪನಿ ಅದನ್ನು ತಯಾರಿಸಿತು. 1981ರಲ್ಲಿ ಗೋಥೆನ್‌ಬರ್ಗ್‌ನ ಓಕೆ ಯಾಲ್‌ಮಾರ್ಸನ್ ಮತ್ತು ಅವರ ತಂಡ, ಅಟ್ಯಾಕ್ ಆದ 1,395 ಜನರ ಮೇಲೆ ಅದನ್ನು ಪರೀಕ್ಷಿಸಿದ ಫಲಿತಾಂಶ ಪ್ರಕಟಿಸಿತು. ಮೂರು ತಿಂಗಳಲ್ಲಿ ಔಷಧವಿಲ್ಲದ ಬರೀ ಹಿಟ್ಟಿನ ಗುಳಿಗೆ ನುಂಗಿದವರಲ್ಲಿ 8.9 ಪರ್ಸೆಂಟ್ ಜನ ಸತ್ತಿದ್ದರು. ಮೆಟೊಪ್ರೊಲಾಲ್ ಸಿಕ್ಕವರಲ್ಲಿ 5.7. ಆ ಕಾಲಕ್ಕೆ ಅದು ದೊಡ್ಡ ಸುದ್ದಿ. ಅದೇ ವರ್ಷ ನಾರ್ವೆಯಲ್ಲಿ, ಮರುವರ್ಷ ಅಮೆರಿಕದಲ್ಲಿ ಇದೇ ಜಾತಿಯ ಬೇರೆ ಔಷಧಗಳೂ ಹೀಗೇ ಜೀವ ಉಳಿಸಿದವು. ಡಾಕ್ಟರುಗಳು ಬರೆಯತೊಡಗಿದ್ದು ಇವನ್ನೆಲ್ಲ ನೋಡಿಯೇ.

ಹಾಗಾದರೆ ಬದಲಾದದ್ದು ಏನು? ಮಾತ್ರೆ ಬದಲಾಗಲಿಲ್ಲ. ಹಾರ್ಟ್ ಅಟ್ಯಾಕ್ ಬದಲಾಯಿತು. 1981ರಲ್ಲಿ ರಕ್ತನಾಳ ಮುಚ್ಚಿಕೊಂಡರೆ ಮುಚ್ಚಿಕೊಂಡ ಹಾಗೆಯೇ. ಸ್ಟೆಂಟ್ ಇರಲಿಲ್ಲ. ಹೆಪ್ಪು ಕರಗಿಸುವ ಇಂಜೆಕ್ಷನ್ ಬಳಕೆಗೆ ಬಂದಿರಲಿಲ್ಲ. ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಇರಲಿಲ್ಲ. ಅಟ್ಯಾಕ್ ಆದವರಿಗೆಲ್ಲ ಆಸ್ಪಿರಿನ್ ಕೊಡುವ ರೂಢಿಯೂ ಇರಲಿಲ್ಲ. ರೋಗಿಯನ್ನು ಮಲಗಿಸಿ, ನೋವಿಗೆ ಔಷಧ ಕೊಟ್ಟು, ಕಾಯುವುದು. ಆ ನಾಳದ ಮೇಲೆ ಬದುಕಿದ್ದ ಸ್ನಾಯು ಸತ್ತು ಕಲೆಯಾಗುತ್ತಿತ್ತು. ಕಲೆಯ ಅಂಚಿನಿಂದ ಹೃದಯದ ತಾಳ ತಪ್ಪಿ ಎಷ್ಟೋ ಜನ ದಿಢೀರ್ ಸಾಯುತ್ತಿದ್ದರು. ಬೀಟಾ ಬ್ಲಾಕರ್ ಅಡ್ರಿನಲಿನ್ನಿನ ಹೊಡೆತ ತಗ್ಗಿಸಿ, ಬಡಿತ ನಿಧಾನ ಮಾಡಿ, ಇಂಥ ಸಾವನ್ನೇ ತಡೆಯುತ್ತಿತ್ತು. ನಿಮಗೆ ಎರಡು ಗಂಟೆಯೊಳಗೆ ನಾಳ ತೆರೆದರು. ಸ್ನಾಯು ಉಳಿಯಿತು. ಕಲೆಯೇ ಇಲ್ಲದಿದ್ದರೆ, ಇದ್ದರೂ ಸಣ್ಣದಿದ್ದರೆ, ಮಾತ್ರೆಗೆ ಅಲ್ಲಿ ಜಾಸ್ತಿ ಕೆಲಸವಿಲ್ಲ.

ನಿಮ್ಮ ಅಮ್ಮ ಮಾರನೇ ದಿನ ಹೋದರು. ಬೇಸರದ ಮಾತು, ಆದರೆ ಹೇಳಲೇಬೇಕು. ನಾಳ ತೆರೆಯುವ ಮೊದಲೇ ಅವರ ಸ್ನಾಯು ಹೋಗಿತ್ತು. ಆ ಮಟ್ಟಿಗೆ ಅವರಿಗೆ ಆದದ್ದು 1981ರ ಅಟ್ಯಾಕ್. ನಮ್ಮಲ್ಲಿ ಎದೆಯುರಿ, ಗ್ಯಾಸ್ಟ್ರಿಕ್ ಅಂತ ರಾತ್ರಿಯೆಲ್ಲ ಕಳೆದು ಬರುವವರು ಈಗಲೂ ಬಹಳ. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದದ್ದು ಈ ತಡವನ್ನು ತಪ್ಪಿಸಲೆಂದೇ. ಆದರೆ ಮನೆಯಲ್ಲೇ ಕಳೆದುಹೋಗುವ ಗಂಟೆಗಳಿಗೆ ಯಾವ ಯೋಜನೆಯೂ ಏನೂ ಮಾಡಲಾರದು.

ಹೃದಯ ದುರ್ಬಲವಾದವರಿಗೆ ಈ ಮಾತ್ರೆ ಯಾಕೆ ಬೇಕು ಅನ್ನುವುದೂ ಗೋಥೆನ್‌ಬರ್ಗ್‌ನಲ್ಲೇ ಗೊತ್ತಾದದ್ದು. 1970ರ ದಶಕದಲ್ಲಿ ಇಂಥವರಿಗೆ ಬೀಟಾ ಬ್ಲಾಕರ್ ಕೊಡುವುದೇ ಅಪಾಯ ಅಂತ ಪಾಠದಲ್ಲಿತ್ತು. ಮೊದಲೇ ಪಂಪಿಂಗ್ ಕಡಿಮೆ, ಅದನ್ನು ಇನ್ನೂ ನಿಧಾನ ಮಾಡುವುದೇ ಅಂತ. ಫಿನ್ ವಾಗ್‌ಸ್ಟೈನ್ ಮತ್ತು ಜೊತೆಗಾರರು 1975ರಲ್ಲಿ ಕೇವಲ 7 ರೋಗಿಗಳ ಅನುಭವ ಬರೆದರು. ಹೃದಯ ಸೋತಾಗ ದೇಹ ಅಡ್ರಿನಲಿನ್ ಸುರಿಯುತ್ತದೆ. ಸೋತ ಎತ್ತಿಗೆ ಬಾರುಕೋಲು ಬೀಸಿದ ಹಾಗೆ. ಸ್ವಲ್ಪ ದೂರ ಓಡುತ್ತದೆ, ಆಮೇಲೆ ಕುಸಿಯುತ್ತದೆ. ಆ ಏಟು ತಪ್ಪಿಸಿದರೆ ಹೃದಯ ಚೇತರಿಸಿಕೊಳ್ಳುತ್ತದೆ ಅನ್ನುವುದು ಅವರ ವಾದ. ಜನ ಒಪ್ಪಲು ಎರಡು ದಶಕ ಹಿಡಿಯಿತು. 1999ರಲ್ಲಿ ಮೆರಿಟ್-ಎಚ್‌ಎಫ್ ಎಂಬ ಅಧ್ಯಯನ ಬಂತು. ಇಎಫ್ 40 ಅಥವಾ ಅದಕ್ಕಿಂತ ಕಡಿಮೆ ಇದ್ದ, ಹಾರ್ಟ್ ಫೇಲ್ಯೂರ್ ಲಕ್ಷಣಗಳಿದ್ದ 3,991 ಜನ. ನಿಧಾನವಾಗಿ ಬಿಡುಗಡೆಯಾಗುವ ಮೆಟೊಪ್ರೊಲಾಲ್ ಸಾವನ್ನು 34 ಪರ್ಸೆಂಟ್ ತಗ್ಗಿಸಿತು. ಅದರ ಮುಂದಾಳು ಕೂಡ 1981ರ ಅದೇ ಯಾಲ್‌ಮಾರ್ಸನ್.

ನೋಡಿ, ತಂಗಿ "ಸ್ವೀಡನ್ನಿನವರೇ ಬೇಡ ಅಂದಿದ್ದಾರಲ್ಲ" ಅಂದರೆ, "ಅಮ್ಮನಂಥವರಿಗೆ ಬೇಕೇ ಬೇಕು ಅಂತ ತೋರಿಸಿದವರೂ ಅವರೇ" ಅಂತ ಹೇಳಿ.

ಇಲ್ಲಿ ಸ್ವೀಡನ್ ಬಗ್ಗೆ ಒಂದು ಮಾತು. ಇಷ್ಟು ಹಳೆಯ ಮಾತ್ರೆಯ ಬಗ್ಗೆ ಇಂಥ ಪ್ರಶ್ನೆ ಅಲ್ಲಿನವರು ಹೇಗೆ ಕೇಳಿದರು ಅಂತ ನಿಮಗೂ ಅನ್ನಿಸಿರಬಹುದು. ಹಳೆಯ, ಅಗ್ಗದ ಮಾತ್ರೆಯ ಮೇಲೆ ಯಾವ ಕಂಪನಿಯೂ ದುಡ್ಡು ಹಾಕುವುದಿಲ್ಲ, ಅದರಲ್ಲೂ "ಇದು ಬೇಡ" ಅಂತ ಸಾಬೀತು ಮಾಡಲು! ಸ್ವೀಡನ್ನಿನಲ್ಲಿ ಸ್ವೀಡ್‌ಹಾರ್ಟ್ ಅನ್ನುವ ದಾಖಲೆ ಪುಸ್ತಕ ಇದೆ. ಅಟ್ಯಾಕ್ ಆಗಿ ಹೃದ್ರೋಗ ವಿಭಾಗಕ್ಕೆ ಬಂದವರ ವಿವರವೆಲ್ಲ ಅದಕ್ಕೆ ಹೋಗುತ್ತದೆ. ನಿಮ್ಮದೂ ಅಲ್ಲಿರುವ ಸಾಧ್ಯತೆಯೇ ಹೆಚ್ಚು. ಪ್ರತಿಯೊಬ್ಬರಿಗೂ ಗುರುತಿನ ಸಂಖ್ಯೆಯಾಗಿ ಒಂದು ಪರ್ಸನ್‌ನಂಬರ್ ಇರುವುದರಿಂದ ಆಸ್ಪತ್ರೆ, ಔಷಧದಂಗಡಿ, ಸಾವಿನ ದಾಖಲೆ ಎಲ್ಲವನ್ನೂ ಜೋಡಿಸಿ ನೋಡಬಹುದು. ರೋಗಿ ಒಪ್ಪಿದರೆ ಗುಂಪು ಹಂಚುವ ಕೆಲಸವನ್ನೂ ಇಂಥ ದಾಖಲೆಯ ಮೂಲಕವೇ ಮಾಡುತ್ತಾರೆ. ಖರ್ಚು ತುಂಬಾ ಕಡಿಮೆ. ಹೀಗೆ ಅವರು ಒಂದರ ಹಿಂದೆ ಒಂದು ರೂಢಿಗಳನ್ನು ಪರೀಕ್ಷೆಗೆ ಒಡ್ಡಿದ್ದಾರೆ. ಅಟ್ಯಾಕ್ ಅಂದ ಕೂಡಲೇ ಆಕ್ಸಿಜನ್ ಮಾಸ್ಕ್ ಹಾಕುತ್ತಿದ್ದೆವಲ್ಲ, ಅದನ್ನೂ 6,629 ಜನರಲ್ಲಿ ನೋಡಿದರು. ರಕ್ತದಲ್ಲಿ ಆಮ್ಲಜನಕ ಸರಿಯಾಗಿದ್ದವರಿಗೆ ಅದರಿಂದ ಏನೂ ಪ್ರಯೋಜನವಿಲ್ಲ ಅಂತ 2017ರಲ್ಲಿ ಗೊತ್ತಾಯಿತು. ಸಿನಿಮಾದವರು ಇನ್ನೂ ಒಪ್ಪಿಲ್ಲ.

ಹಾಗಂತ ರೆಡ್ಯೂಸ್-ಎಎಂಐ ಕೊನೆಯ ಮಾತಲ್ಲ. ಅದರಲ್ಲಿ ಹಿಟ್ಟಿನ ಗುಳಿಗೆ ಕೊಟ್ಟಿರಲಿಲ್ಲ. ಯಾರು ಏನು ನುಂಗುತ್ತಿದ್ದಾರೆ ಅಂತ ಎಲ್ಲರಿಗೂ ಗೊತ್ತಿತ್ತು. ಮಾತ್ರೆಯ ಗುಂಪಿನಲ್ಲಿ ಕೆಲವರು ಮಧ್ಯದಲ್ಲೇ ಬಿಟ್ಟರು, ಇನ್ನೊಂದು ಗುಂಪಿನಲ್ಲಿ ಕೆಲವರು ಶುರು ಮಾಡಿದರು. ಇದರಿಂದ ಫಲಿತಾಂಶ ಸ್ವಲ್ಪ ಮಸುಕಾಗುತ್ತದೆ. 2025ರಲ್ಲಿ ಇನ್ನೆರಡು ದೊಡ್ಡ ಅಧ್ಯಯನ ಬಂದವು. ಸ್ಪೇನ್ ಮತ್ತು ಇಟಲಿಯ ರೀಬೂಟ್ ಸುಮಾರು 8,500 ಜನರಲ್ಲಿ ಲಾಭವಿಲ್ಲ ಅಂದಿತು. ನಾರ್ವೆ ಮತ್ತು ಡೆನ್ಮಾರ್ಕಿನ 5,574 ಜನರ ಅಧ್ಯಯನ ಮಾತ್ರ ಸ್ವಲ್ಪ ಲಾಭ ಇದೆ ಅಂದಿತು. ಮಾತ್ರೆ ತೆಗೆದುಕೊಂಡವರಲ್ಲಿ 14.2 ಪರ್ಸೆಂಟ್ ಜನರಿಗೆ ತೊಂದರೆ, ಇಲ್ಲದವರಲ್ಲಿ 16.3. ಮುಖ್ಯವಾಗಿ ಮತ್ತೆ ಅಟ್ಯಾಕ್ ಆಗುವುದು ಕಡಿಮೆಯಾಗಿತ್ತು. ಒಂದೇ ವರ್ಷ, ಎರಡು ಉತ್ತರ. ಗೊಂದಲ ಆಗದೆ ಇರುತ್ತದೆಯೇ?

ಆಮೇಲೆ ಈ ಅಧ್ಯಯನಗಳ ರೋಗಿಗಳನ್ನು ಒಟ್ಟು ಸೇರಿಸಿ, ಇಎಫ್ ಪ್ರಕಾರ ಬೇರೆ ಮಾಡಿ ನೋಡಿದರು. ಆಗ ಚಿತ್ರ ತಿಳಿಯಾಯಿತು. ಇಎಫ್ 50ಕ್ಕಿಂತ ಕಡಿಮೆಯಿಲ್ಲದ 17 ಸಾವಿರಕ್ಕೂ ಹೆಚ್ಚು ಜನರಲ್ಲಿ ಮಾತ್ರೆಯಿಂದ ಲಾಭ ಕಾಣಲಿಲ್ಲ. 40ರಿಂದ 49ರ ನಡುವೆ ಇದ್ದವರಲ್ಲಿ ಲಾಭ ಕಂಡಿತು. 40ಕ್ಕಿಂತ ಕೆಳಗಿನವರ ಬಗ್ಗೆ ಮೊದಲಿನಿಂದಲೂ ಅನುಮಾನವೇ ಇರಲಿಲ್ಲ, ಅವರನ್ನು ಈ ಪರೀಕ್ಷೆಗಳಿಗೆ ಸೇರಿಸಿಕೊಂಡೇ ಇರಲಿಲ್ಲ. ಯುರೋಪಿನ ಹೃದ್ರೋಗ ಸಂಘದ 2023ರ ಮಾರ್ಗಸೂಚಿ ಇದಕ್ಕೆಲ್ಲ ಮುಂಚಿನದ್ದು. ಅದರಲ್ಲಿ ಎಲ್ಲರಿಗೂ ಬೀಟಾ ಬ್ಲಾಕರ್ ಕೊಡುವುದನ್ನು ಪರಿಗಣಿಸಿ ಅಂತಲೇ ಇದೆ. ನಿಮ್ಮ ಡಾಕ್ಟರ್ ಬರೆದದ್ದರಲ್ಲಿ ತಪ್ಪೇನಿಲ್ಲ.

ಫ್ಯಾಮಿಲಿ ಗ್ರೂಪಿಗೆ ಇನ್ನೊಂದು ಸುದ್ದಿ ಬಂದರೂ ಬರಬಹುದು, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ರೀಬೂಟ್‌ನಲ್ಲಿ ಹೆಂಗಸರನ್ನು ಮಾತ್ರ ಬೇರೆ ತೆಗೆದು ನೋಡಿದಾಗ ಈ ಮಾತ್ರೆಯಿಂದ ಅಪಾಯವೇ ಜಾಸ್ತಿ ಅನ್ನುವ ಸೂಚನೆ ಸಿಕ್ಕಿತು. ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ಅಲ್ಲೂ ಇಎಫ್ 40ಕ್ಕಿಂತ ಮೇಲಿದ್ದವರು ಮಾತ್ರ ಇದ್ದರು. ಅಮ್ಮನಿಗೆ ಅದೂ ಅನ್ವಯಿಸುವುದಿಲ್ಲ.

"ಇದೆಲ್ಲ ಬಿಳಿಯರ ಮೇಲೆ ಮಾಡಿದ್ದು, ನಮ್ಮ ದೇಹಕ್ಕೆ ಆಗಲ್ಲ" ಅನ್ನುವವರೂ ಇದ್ದಾರೆ. ನಮ್ಮಲ್ಲಿ ಅಟ್ಯಾಕ್ ಚಿಕ್ಕ ವಯಸ್ಸಿಗೇ ಆಗುತ್ತದೆ, ಸಕ್ಕರೆ ಕಾಯಿಲೆ ಜಾಸ್ತಿ, ನಿಜ. ಆದರೆ ಬೀಟಾ ಬ್ಲಾಕರ್ ಕೆಲಸ ಮಾಡುವ ಬಗೆ ಕನ್ನಡಿಗರಲ್ಲಿ ಬೇರೆ ಇಲ್ಲ. ನನ್ನ ಲೆಕ್ಕದಲ್ಲಿ ವ್ಯತ್ಯಾಸ ಇರುವುದು ಜನಾಂಗದಲ್ಲಲ್ಲ, ನಾಳ ತೆರೆದ ಸಮಯದಲ್ಲಿ. ನಿಮಗೆ ಸಿಕ್ಕಿದ್ದು ಸ್ವೀಡನ್ನಿನ ಚಿಕಿತ್ಸೆ. ಹಾಗಾಗಿ ನಿಮಗೆ ಸ್ವೀಡನ್ನಿನ ಉತ್ತರ ಹೊಂದುತ್ತದೆ.

ಹಾಗಿದ್ದರೆ ನಿಲ್ಲಿಸಲು ತಡ ಏಕೆ ಅಂತ ಕೇಳುತ್ತೀರಿ. ಶುರು ಮಾಡದೇ ಇರುವುದು ಬೇರೆ, ಎರಡು ವರ್ಷ ತೆಗೆದುಕೊಂಡದ್ದನ್ನು ನಿಲ್ಲಿಸುವುದು ಬೇರೆ. ಈ ಮಾತ್ರೆ ಅಡ್ರಿನಲಿನ್ ಬಂದು ಕೂರುವ ಜಾಗಗಳನ್ನು ಮುಚ್ಚಿಡುತ್ತದೆ. ವರ್ಷಗಟ್ಟಲೆ ಮುಚ್ಚಿಟ್ಟರೆ ದೇಹ ಅಂಥ ಜಾಗಗಳನ್ನು ಇನ್ನೂ ಹೆಚ್ಚಿಸಿಕೊಳ್ಳುತ್ತದೆ. ಒಮ್ಮೆಲೇ ಮಾತ್ರೆ ಬಿಟ್ಟರೆ ಅಷ್ಟೂ ಜಾಗಕ್ಕೆ ಅಡ್ರಿನಲಿನ್ ನುಗ್ಗುತ್ತದೆ. ಎದೆ ಡವಡವ, ಬಿಪಿ ಏರಿಕೆ, ಕೆಲವರಿಗೆ ಎದೆನೋವು, ಅಪರೂಪಕ್ಕೆ ಮತ್ತೆ ಅಟ್ಯಾಕ್. ಊರಿಗೆ ಬಂದಾಗ ಮಾತ್ರೆ ಮರೆತು ಬಂದೆ ಅಂತ ನಾಲ್ಕನೇ ದಿನ ಓಡಿ ಬರುವವರು ನನಗೆ ಹೊಸಬರಲ್ಲ.

ನಿಲ್ಲಿಸುವ ಪ್ರಶ್ನೆಯನ್ನೇ ನೇರವಾಗಿ ಕೇಳಿದ್ದು ಫ್ರಾನ್ಸಿನ ಅಬಿಸ್ ಅಧ್ಯಯನ, 2024ರಲ್ಲಿ. ಅಟ್ಯಾಕ್ ಆಗಿ ಕನಿಷ್ಠ ಆರು ತಿಂಗಳು ಕಳೆದ, ಇಎಫ್ 40ಕ್ಕಿಂತ ಕಡಿಮೆಯಿಲ್ಲದ 3,698 ಜನ. ನಿಮ್ಮ ಸ್ಥಿತಿಗೆ ಹತ್ತಿರ. ನಿಲ್ಲಿಸಿದವರಲ್ಲಿ 23.8 ಪರ್ಸೆಂಟ್ ಜನರಿಗೆ, ಮುಂದುವರಿಸಿದವರಲ್ಲಿ 21.1 ಪರ್ಸೆಂಟ್ ಜನರಿಗೆ ಏನಾದರೊಂದು ಹೃದಯದ ತೊಂದರೆ ಬಂತು. ಹೆಚ್ಚಿನದು ಆಸ್ಪತ್ರೆಗೆ ಸೇರಬೇಕಾಗಿ ಬಂದದ್ದು. ಸಾವಿನಲ್ಲಿ ಅಂಥ ವ್ಯತ್ಯಾಸವಿರಲಿಲ್ಲ. ನಿಲ್ಲಿಸಿದವರಲ್ಲಿ ಬಿಪಿ, ಬಡಿತ ಎರಡೂ ಏರಿದವು. ನಿಮಗೆ ಇಷ್ಟವಾಗದ ಇನ್ನೊಂದು ವಿಷಯವೂ ಅದರಲ್ಲಿದೆ. ನಿಲ್ಲಿಸಿದವರ ದಿನನಿತ್ಯದ ಬದುಕು ಸುಧಾರಿಸಿದ್ದು ಕಾಣಲಿಲ್ಲ. ಮಾತ್ರೆ ಬಿಟ್ಟ ಕೂಡಲೇ ಸುಸ್ತು ಮಾಯ ಅನ್ನುವ ಆಸೆ ಇಟ್ಟುಕೊಂಡು ಬಿಡಬೇಡಿ.

ಸುಸ್ತಿಗೆ ಬೇರೆ ಕಾರಣಗಳೂ ಇರುತ್ತವೆ. ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್ ನೋಡಿಸಿದ್ದೀರಾ? ಗೊರಕೆ ಜಾಸ್ತಿಯೇ? ಅಟ್ಯಾಕ್ ಆದ ಮೇಲೆ ಮನಸ್ಸು ಕುಗ್ಗುವುದೂ ಸಾಮಾನ್ಯ. ನಿಮ್ಮಲ್ಲಿ ಹಗಲೇ ಕಾಣದ ಆ ಚಳಿಗಾಲ ಬೇರೆ. ಹಾಗಂತ ಮಾತ್ರೆಯ ಮೇಲಿನ ನಿಮ್ಮ ಅನುಮಾನ ತಪ್ಪು ಅನ್ನುತ್ತಿಲ್ಲ. ತಣ್ಣಗಾಗುವ ಬೆರಳು, ವಿಚಿತ್ರ ಕನಸು ಎರಡೂ ಇದರ ಗೊತ್ತಿರುವ ತೊಂದರೆಗಳೇ. ಮೆಟೊಪ್ರೊಲಾಲ್ ಕೊಬ್ಬಿನಲ್ಲಿ ಕರಗುವಂಥದ್ದು, ಸುಲಭವಾಗಿ ಮಿದುಳಿಗೆ ಹೋಗುತ್ತದೆ. ರೆಡ್ಯೂಸ್-ಎಎಂಐನಲ್ಲಿದ್ದ ಸುಮಾರು 800 ಜನರನ್ನು ಉಪ್ಸಾಲಾದ ಸಂಶೋಧಕರು ಪ್ರತ್ಯೇಕವಾಗಿ ವಿಚಾರಿಸಿದಾಗ, ಮಾತ್ರೆ ಸಿಕ್ಕವರಲ್ಲಿ ಖಿನ್ನತೆಯ ಲಕ್ಷಣ ತುಸು ಹೆಚ್ಚು ಕಂಡಿತು. ದಾಂಪತ್ಯದ ತೊಂದರೆಗೆ ಮಾತ್ರೆಯೂ ಕಾರಣವಿರಬಹುದು, ಹೆದರಿಕೆಯೂ ಕಾರಣವಿರಬಹುದು. ಅದನ್ನು ಡಾಕ್ಟರ್ ಹತ್ತಿರ ಸಂಕೋಚವಿಲ್ಲದೆ ಹೇಳಿ. ಅಂದಹಾಗೆ, ಯಾರಾದರೂ ನಿಮಗೆ ಪ್ಯಾರಾಕ್ಸೆಟಿನ್ ಅಥವಾ ಫ್ಲುವಾಕ್ಸೆಟಿನ್ ಬರೆದಿದ್ದರೆ ತಪ್ಪದೆ ಹೇಳಬೇಕು. ಅವು ಮೆಟೊಪ್ರೊಲಾಲ್ ಕರಗಿಹೋಗದಂತೆ ತಡೆಯುತ್ತವೆ. 100 ತೆಗೆದುಕೊಂಡರೂ ದೇಹಕ್ಕೆ ಅದಕ್ಕಿಂತ ಎಷ್ಟೋ ಜಾಸ್ತಿ ಡೋಸ್ ಸಿಕ್ಕಿದಂತೆ ಆಗುತ್ತದೆ.

ಇನ್ನು ನೀವು ಮಾಡಬೇಕಾದದ್ದು. ಮೂರು ತಿಂಗಳು ಕಾಯಬೇಕಾಗಿಲ್ಲ. ಸ್ವೀಡನ್ನಿನ ಆರೋಗ್ಯ ಸೇವೆಯ ವೆಬ್‌ಸೈಟ್ 1177ಗೆ ಲಾಗಿನ್ ಆಗಿ ಆಸ್ಪತ್ರೆಯ ಹೃದ್ರೋಗ ವಿಭಾಗಕ್ಕೆ ಮೆಸೇಜ್ ಬರೆಯಿರಿ, ಅಥವಾ ಅಲ್ಲಿನ ನರ್ಸ್‌ಗೆ ಫೋನ್ ಮಾಡಿ. ನಿಮ್ಮ ದಾಖಲೆಯೂ ಅಲ್ಲೇ ಸಿಗುತ್ತದೆ. ಯುಕೆಜಿ ಅಂತ ಇರುವುದೇ ಎಕೋ ರಿಪೋರ್ಟ್, ಅದರಲ್ಲಿ ಇಎಫ್ ಎಷ್ಟಿದೆ ನೀವೇ ನೋಡಿಕೊಳ್ಳಿ. 55 ಅಂದದ್ದು ನಿಮಗೆ ನೆನಪಿದೆ ಅಷ್ಟೆ, ಬರೆದದ್ದು 45 ಆಗಿದ್ದರೆ ನಾನು ಇಲ್ಲಿ ಹೇಳಿದ್ದು ಅರ್ಧ ಬದಲಾಗುತ್ತದೆ. ಆಮೇಲೆ ಡಾಕ್ಟರನ್ನು ಇವು ಕೇಳಿ. ಸ್ಟೆಂಟ್ ಹಾಕದೆ ಬಿಟ್ಟ ಬ್ಲಾಕ್ ಇನ್ನೂ ಇದೆಯೇ? ನಡೆದಾಗ ಎದೆ ಬಿಗಿಯುವುದನ್ನು ತಡೆಯಲು ಈ ಮಾತ್ರೆ ಇದೆಯೇ? ಬಿಪಿಗೋಸ್ಕರ ಇದೆಯೇ? ಬಡಿತದ ತಾಳ ತಪ್ಪಿದ್ದಕ್ಕೆ, ಅಂದರೆ ಏಟ್ರಿಯಲ್ ಫಿಬ್ರಿಲೇಶನ್ನಿಗೆ ಕೊಟ್ಟದ್ದೇ? ಇವುಗಳಲ್ಲಿ ಯಾವುದಕ್ಕಾದರೂ ಹೌದು ಅನ್ನುವ ಉತ್ತರ ಬಂದರೆ ಮಾತ್ರೆ ಇರುವುದು ಬೇರೆ ಕೆಲಸಕ್ಕೆ. ಆಗ ಸ್ವೀಡನ್ನಿನ ಸಂಶೋಧನೆ ಹಿಡಿದುಕೊಂಡು ವಾದ ಮಾಡಿ ಪ್ರಯೋಜನವಿಲ್ಲ.

ಎಲ್ಲಕ್ಕೂ ಇಲ್ಲ ಅಂತ ಬಂದರೆ ನಿಲ್ಲಿಸುವುದು ನ್ಯಾಯವಾದ ಆಯ್ಕೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಅದನ್ನೇ ಆರಿಸುತ್ತಿದ್ದೆ, ಆದರೆ ಇಳಿಸುತ್ತಾ ಬಂದು. 100 ಇದ್ದದ್ದು 50, ಆಮೇಲೆ 25, ಆಮೇಲೆ ಬಂದ್. ಎರಡು ವಾರಕ್ಕಿಂತ ಬೇಗ ಮುಗಿಸುವುದು ಬೇಡ, ಇನ್ನೂ ನಿಧಾನವಾದರೆ ಒಳ್ಳೆಯದೇ. ಎಷ್ಟು ದಿನಕ್ಕೆ ಎಷ್ಟು ಇಳಿಸಬೇಕು ಅನ್ನುವುದನ್ನು ಡಾಕ್ಟರ್ ಕೈಯಲ್ಲೇ ಬರೆಸಿಕೊಳ್ಳಿ. ಆ ವಾರಗಳಲ್ಲಿ ಹಿಮ ಗೋರುವುದು, ಜಿಮ್ಮಿನಲ್ಲಿ ಭಾರ ಎತ್ತುವುದು ಬೇಡ. ಮನೆಯಲ್ಲಿ ಬಿಪಿ ಮೆಷಿನ್ ಇಟ್ಟುಕೊಂಡು ಒಂದೆರಡು ತಿಂಗಳು ಬಿಪಿ, ಬಡಿತ ಬರೆದಿಡಿ. ಎದೆ ಬಿಗಿತ ಬಂದರೆ ಕಾಯದೆ ತುರ್ತು ನಂಬರ್ 112ಕ್ಕೆ ಫೋನ್ ಮಾಡಿ.

ಪೂರ್ತಿ ಬಿಡಲು ಮನಸ್ಸಿಲ್ಲದಿದ್ದರೆ ಡೋಸ್ ಇಳಿಸಿ ನೋಡಬಹುದು, ಅಥವಾ ಮಿದುಳಿಗೆ ಅಷ್ಟಾಗಿ ಹೋಗದ ಬಿಸೊಪ್ರೊಲಾಲ್‌ಗೆ ಬದಲಿಸಬಹುದು. ಕನಸಿನ ಕಾಟ ತಗ್ಗಬಹುದು, ಬೆರಳು ತಣ್ಣಗಾಗುವುದು ಹಾಗೇ ಉಳಿಯಬಹುದು. ಏನೂ ಬದಲಿಸದೆ ಮುಂದುವರಿಸಿದರೂ ಹೃದಯಕ್ಕೆ ಕೆಡುಕಾಗುತ್ತದೆ ಅಂತ ಹೆದರಬೇಡಿ. ಸ್ವೀಡನ್ನಿನ ಅಧ್ಯಯನದಲ್ಲಿ ಮಾತ್ರೆ ತೆಗೆದುಕೊಂಡವರಿಗೆ ಬಡಿತ ತೀರಾ ಇಳಿದು ಅಥವಾ ತಲೆಸುತ್ತಿ ಆಸ್ಪತ್ರೆ ಸೇರುವುದು ಹೆಚ್ಚಾಗಿರಲಿಲ್ಲ. ಇಷ್ಟೆಲ್ಲ ಚರ್ಚೆಯಲ್ಲಿ ಆಸ್ಪಿರಿನ್ ಮತ್ತು ಕೊಲೆಸ್ಟ್ರಾಲ್ ಮಾತ್ರೆ ಪಕ್ಕಕ್ಕೆ ಸರಿದುಬಿಡುವುದು ಬೇಡ. ಒಂದು ಮಾತ್ರೆ ಬೇಡವಾಯಿತು ಅಂದ ಕೂಡಲೇ ಎಲ್ಲದರ ಮೇಲೂ ಅನುಮಾನ ಬರುತ್ತದೆ. ಸ್ಟೆಂಟ್ ಇರುವ ನಿಮಗೆ ಅವೆರಡೂ ಇನ್ನೂ ಬೇಕು.

ಅಮ್ಮನ ವಿಷಯದಲ್ಲಿ ತಂಗಿಗೆ ಒಂದಿಷ್ಟು ಕೆಲಸ ಕೊಡಿ. ಮಾತ್ರೆಯ ಸ್ಟ್ರಿಪ್ ಹಿಂದೆ ಏನು ಬರೆದಿದೆ ನೋಡಲಿ. ಮೆಟೊಪ್ರೊಲಾಲ್ ಸಕ್ಸಿನೇಟ್ ಅಂತ ಇರಬೇಕು. ಟಾರ್ಟ್ರೇಟ್ ಅಂತ ಇದ್ದರೆ ಡಾಕ್ಟರನ್ನು ಕೇಳಲಿ, ಯಾಕೆಂದರೆ ದುರ್ಬಲ ಹೃದಯಕ್ಕೆ ಸಾಬೀತಾಗಿರುವುದು ನಿಧಾನವಾಗಿ ಬಿಡುಗಡೆಯಾಗುವ ಸಕ್ಸಿನೇಟ್. ಅದನ್ನು ಪುಡಿ ಮಾಡಿ ಕೊಡಬಾರದು. 25 ಅನ್ನುವುದು ಸಣ್ಣ ಡೋಸ್. ಬಿಪಿ, ಬಡಿತ ತಡೆದುಕೊಂಡರೆ ಏರಿಸಲು ಜಾಗವಿದೆಯೇ, ಹಾರ್ಟ್ ಫೇಲ್ಯೂರಿಗೆ ಈಗ ಇರುವ ಬೇರೆ ಮಾತ್ರೆಗಳು ಅವರಿಗೆ ಸಿಗುತ್ತಿವೆಯೇ ಅಂತ ಮುಂದಿನ ಸಲ ಕೇಳಲಿ. ನನಗೆ ಅವರ ಮಾತ್ರೆ ಜಾಸ್ತಿಯಾಯಿತು ಅನ್ನುವುದಕ್ಕಿಂತ ಸಾಲದೆ ಹೋಗಿದೆಯೇನೋ ಅನ್ನುವ ಚಿಂತೆ. ಕೊನೆಯ ಎಕೋ ಯಾವಾಗ ಆಯಿತು ಅನ್ನುವುದನ್ನೂ ನೋಡಲಿ.

ಹೊಸ ಎಕೋದಲ್ಲಿ ಪಂಪಿಂಗ್ 50 ಅಂತ ಬಂದರೆ? ಸಂತೋಷ. ಆದರೆ ಆಗಲೂ "ಈಗ ಅಮ್ಮನೂ ಸ್ವೀಡನ್ ಗುಂಪಿಗೆ ಸೇರಿದರು" ಅಂದುಕೊಳ್ಳಬಾರದು. ಸ್ವೀಡನ್ನಿನವರ 50 ಅಟ್ಯಾಕ್ ಆದ ವಾರದಲ್ಲೇ ಇದ್ದ 50. ಅಮ್ಮನದ್ದು ಮಾತ್ರೆಗಳ ಬಲದಿಂದ ಏರಿದ 50. ಬ್ರಿಟನ್ನಿನಲ್ಲಿ ಬೇರೆ ಬಗೆಯ ಹೃದಯ ದೌರ್ಬಲ್ಯದಿಂದ ಹೀಗೆ ಚೇತರಿಸಿಕೊಂಡವರಲ್ಲಿ ಮಾತ್ರೆ ಬಿಡಿಸಿ ನೋಡಿದರು. ಬಿಡಿಸಿದ 25 ಜನರಲ್ಲಿ 11 ಜನರಿಗೆ ಆರೇ ತಿಂಗಳಲ್ಲಿ ಮತ್ತೆ ಕಾಯಿಲೆ ತಿರುಗಿತು. ಮುಂದುವರಿಸಿದವರಲ್ಲಿ ಒಬ್ಬರಿಗೂ ಆಗಲಿಲ್ಲ.

ಗ್ರೂಪಿಗೆ ಹಾಕಲು ಸ್ವೀಡನ್ನಿನದ್ದೇ ಒಂದು ಸುದ್ದಿ ಬೇಕೆಂದರೆ ಇದನ್ನು ಹಾಕಿ. ಒರೆಬ್ರೂ ಊರಿನ ಒಲೆ ಫ್ರೋಬರ್ಟ್ ನೇತೃತ್ವದಲ್ಲಿ 8 ದೇಶಗಳ 2,571 ಜನರಲ್ಲಿ, ಬಹುತೇಕ ಅಟ್ಯಾಕ್ ಆಗಿ ಆಸ್ಪತ್ರೆಯಲ್ಲಿದ್ದವರಿಗೆ, ಅಲ್ಲೇ ಫ್ಲೂ ಲಸಿಕೆ ಹಾಕಿ ನೋಡಿದರು. 2021ರಲ್ಲಿ ಫಲಿತಾಂಶ ಬಂತು. ಒಂದು ವರ್ಷದಲ್ಲಿ ಸಾವು, ಮತ್ತೆ ಅಟ್ಯಾಕ್, ಸ್ಟೆಂಟಿನಲ್ಲಿ ಹೆಪ್ಪು, ಈ ಮೂರೂ ಸೇರಿ ಲಸಿಕೆ ಸಿಗದವರಲ್ಲಿ 7.2 ಪರ್ಸೆಂಟ್, ಸಿಕ್ಕವರಲ್ಲಿ 5.3. ನಿಮಗೆ ಪ್ರತಿ ಶರತ್ಕಾಲದಲ್ಲಿ ಅಲ್ಲಿನ ಆರೋಗ್ಯ ಕೇಂದ್ರವಾದ ವೋರ್ಡ್‌ಸೆಂಟ್ರಾಲ್‌ನಲ್ಲಿ ಹಾಕುತ್ತಾರೆ, ಹೃದ್ರೋಗಿಗಳಿಗೆ ಸಾಮಾನ್ಯವಾಗಿ ದುಡ್ಡಿಲ್ಲ. ಶಿವಮೊಗ್ಗದಲ್ಲಿ ಕೇಳಿ ಹಾಕಿಸಿಕೊಳ್ಳಬೇಕು, ಯಾರೂ ತಾವಾಗಿ ಹೇಳುವುದಿಲ್ಲ. ಅಮ್ಮನನ್ನು ಎಕೋಗೆ ಕರೆದುಕೊಂಡು ಹೋದ ದಿನವೇ ಅದನ್ನೂ ಕೇಳಲು ತಂಗಿಗೆ ಹೇಳಿ.